ನಡುಗೆರೆ ಇಲ್ಲದ ಎಂಟು

ಮಾರ್ಚ್ 5, ಬುಧವಾರ

ಈ ಡೈರಿ ಅತ್ತೆ ಕೊಟ್ಟಿದ್ದು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ್ದಂತೆ, ಪ್ರತಿ ಪುಟದ ತಲೆಯ ಮೇಲೂ ಒಂದು ಮೂಟೆಯ ಚಿತ್ರ. ನಿನ್ನೆ ನಾನು ಬರೆದ ದಿನಸಿ ಪಟ್ಟಿಯನ್ನು ಕಣ್ಣಿಗೆ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿ, "ತನುಜಾ, ಇದು ಕನ್ನಡನೋ ಇರುವೆ ಸಾಲೋ?" ಅಂದರು. ಹದಿನೈದು ವರ್ಷ ಕಾನ್ವೆಂಟಿಗೆ ಫೀಸು ಕಟ್ಟಿದ ಅಪ್ಪ ಕೇಳಿಸಿಕೊಳ್ಳಬೇಕಿತ್ತು! ದಿನಕ್ಕೊಂದು ಪುಟ ಬರೆದರೆ ಕೈ ತಿರುಗುತ್ತದಂತೆ. ಯಾರೂ ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಹಾಗಾದರೆ ಮೊದಲೇ ಬರೆದುಬಿಡುತ್ತೇನೆ: ರೇವಂತ್, ರೇವಂತ್, ರೇವಂತ್!

ಮದುವೆಯಾಗಿ ಇಪ್ಪತ್ತನಾಲ್ಕು ದಿನ. ನನ್ನ ಗಂಡ ವನಗೂರಿನ ತಿರುವುಗಳಲ್ಲಿ ಒಂದೇ ಕೈಯಲ್ಲಿ ಜೀಪು ಓಡಿಸುತ್ತಾನೆ. ಇನ್ನೊಂದು ಕೈ ಎಲ್ಲಿರುತ್ತದೆ ಎಂದು ಗೊಬ್ಬರದ ಡೈರಿಯಲ್ಲಿ ಬರೆಯುವುದಿಲ್ಲ. ಅವನು ಸೀನಿದರೂ ನನಗೆ ಚೆಂದ ಕಾಣುತ್ತದೆ. ಇದು ಗುಣವಾಗುವ ಕಾಯಿಲೆಯೋ ಅಲ್ಲವೋ ಗೊತ್ತಿಲ್ಲ.

ಮಾವನವರದ್ದೇ ಕಷ್ಟ. ಶಾಂತಮಲ್ಲಪ್ಪನವರು ನನ್ನ ಜೊತೆ ಇನ್ನೂ ನೇರವಾಗಿ ಒಂದು ಮಾತೂ ಆಡಿಲ್ಲ. ನಾನು ಎದುರಿಗೇ ನಿಂತಿದ್ದರೂ, "ಪಂಕಜಾ, ಅವರಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳು" ಎಂದು ಅತ್ತೆಗೆ ಹೇಳುತ್ತಾರೆ. ಅತ್ತೆ ನನ್ನತ್ತ ತಿರುಗಿ, "ಬೇಕಾ?" ನಾನು ಅತ್ತೆಗೆ, "ಸಾಕು." ಅತ್ತೆ ಅತ್ತ ತಿರುಗಿ, "ಸಾಕಂತೆ." ಒಂದು ಅಕ್ಕಿರೊಟ್ಟಿಗೆ ಇಷ್ಟೊಂದು ರಾಯಭಾರ! ಸಿಟ್ಟೇನಲ್ಲ, ಸಂಕೋಚ ಎಂದು ರೇವಂತ್ ಹೇಳುತ್ತಾನೆ. ಹೇಳುವಾಗ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇರಲಿ.

ಮಾವ ಧಾರಾಳವಾಗಿ ಮಾತಾಡುವುದು ಒಬ್ಬರ ಜೊತೆ ಮಾತ್ರ, ಕಣಿವೆಯಾಚೆಯ ಎಸ್ಟೇಟಿನ ಪ್ಯಾಟ್ರಿಕ್ ಅಂಕಲ್ ಜೊತೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಇಬ್ಬರೂ ಅವರವರ ಅಂಗಳದಲ್ಲಿ ನೆಟ್ಟಿರುವ ಮಳೆ ಅಳೆಯುವ ಡಬ್ಬಿ ನೋಡುತ್ತಾರೆ. ಇಂಚಿಗೆ ನೂರು ಸೆಂಟಿನ ಲೆಕ್ಕ. ಆಮೇಲೆ ಫೋನು. ಮಳೆಗಾಲದಲ್ಲಾದರೆ ಸರಿ. ಈಗ ತಿಂಗಳಿಂದ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಆದರೂ ಫೋನು!

"ನಿಂಗೆಷ್ಟೋ?"

"ಸೊನ್ನೆ. ನಿಂಗೆ?"

"ನಂಗೂ ಸೊನ್ನೆ ಕಣೋ ಮಾರಾಯ."

ಇಬ್ಬರೂ ತೃಪ್ತಿಯಿಂದ ಕಾಫಿ ಕುಡಿಯಲು ಹೋಗುತ್ತಾರೆ.

ವರ್ಷದ ಕೊನೆಗೆ ಯಾರ ತೋಟದಲ್ಲಿ ಹೆಚ್ಚು ಮಳೆ ಬಿದ್ದಿದೆಯೋ ಅವರ ಜಗುಲಿಯಲ್ಲಿ ಒಂದು ಕರೀ ಕೊಡೆ ನೇತಾಡುತ್ತದೆ. ಮರದ ಹಿಡಿಯ, ಮೂವರು ನಿಲ್ಲಬಹುದಾದಷ್ಟು ದೊಡ್ಡ ಕೊಡೆ. ಇಬ್ಬರೂ ಮೀಸೆ ಕಪ್ಪಗಿದ್ದಾಗ ಶುರುಮಾಡಿದ ಪಂದ್ಯ. ಏಳು ವರ್ಷದಿಂದ ಕೊಡೆ ಪ್ಯಾಟ್ರಿಕ್ ಅಂಕಲ್ ಜಗುಲಿ ಬಿಟ್ಟು ಅಲ್ಲಾಡಿಲ್ಲ. ನಮ್ಮ ಧಾರೆಯ ದಿನವೂ ಅಕ್ಷತೆ ಹಾಕಿದ ಮೇಲೆ ಅಂಕಲ್ ಮಾವನ ಕಿವಿಯಲ್ಲಿ, "ಕೊಡೆ ಚೆನ್ನಾಗೈತೆ ಕಣೋ, ಯೋಚ್ನೆ ಮಾಡ್ಬೇಡ" ಅಂದದ್ದು ನನಗೇ ಕೇಳಿಸಿತು.

ಯುಗಾದಿಗೆ ಪಾಳ್ಯಕ್ಕೆ, ಅಮ್ಮನ ಮನೆಗೆ! ಎಂಟು ದಿನ ಬಿಡುವುದೇ ಇಲ್ಲ ಎಂದಿದ್ದಾಳೆ ಅಮ್ಮ. ಇನ್ನು ಇಪ್ಪತ್ತೈದು ದಿನ.

ಮಾರ್ಚ್ 8, ಶನಿವಾರ

ಮುಗಿಯಿತು. ಮೂವತ್ತೆಂಟು ವರ್ಷ ಬಾಳಿದ ವಸ್ತುವನ್ನು ನಾನು ಮೂರು ನಿಮಿಷದಲ್ಲಿ ಹಾಳುಮಾಡಿದೆ.

ಮಾವನ ಮೇಜಿನ ಮೇಲೆ ರೆಕ್ಸಿನ್ ಚೀಲದಲ್ಲಿ ಒಂದು ಪುಟ್ಟ ಜೇಬು ಕ್ಯಾಲ್ಕುಲೇಟರ್ ಇದೆ. ಜಪಾನಿನದು. ಮೈಯೆಲ್ಲ ಉಕ್ಕು, ಗಾಜು ತುಸು ಹಳದಿ, ಅಂಗೈಯಲ್ಲಿ ಕೂರುವಷ್ಟು ಮುದ್ದು. ಮಾವನ ಮದುವೆಯಲ್ಲಿ ಅತ್ತೆಯ ತಂದೆ ಕೊಟ್ಟ ಉಡುಗೊರೆ. "ನನ್ನ ಜೊತೇಲೇ ಈ ಮನೆಗೆ ಬಂದಿದ್ದು. ನನಗಿಂತ ಅದಕ್ಕೇ ಮರ್ಯಾದೆ ಜಾಸ್ತಿ, ಅದಕ್ಕೆ ಚೀಲ ಬೇರೆ ಐತೆ" ಎಂದು ಅತ್ತೆ ಹೇಳುತ್ತಿರುತ್ತಾರೆ. ಅದಕ್ಕಿರುವುದು ಒಂದೇ ಕೆಲಸ. ತಿಂಗಳ ಕೊನೆಯ ದಿನ ಮಾವ ಅದರಲ್ಲಿ ಮಳೆ ಕೂಡುತ್ತಾರೆ. ಫೋನಿನಲ್ಲಿ ಕೂಡಿದ ಮಳೆ ಅವರ ಪ್ರಕಾರ ಮಳೆಯೇ ಅಲ್ಲ.

ಇವತ್ತು ಮೇಜು ಒರೆಸುತ್ತಾ ತೆಗೆದು ನೋಡಿದೆ. ಅಂಕಿಗಳು ಮಂಕಾಗಿದ್ದವು. ಜೀಪಿನ ಕೀಗೆಂದು ತಂದ ಗುಂಡಿ ಬ್ಯಾಟರಿಗಳು ಡ್ರಾಯರಿನಲ್ಲಿದ್ದವು, ಅದೇ ಅಳತೆ! ಸೊಸೆಯ ಮೊದಲ ಸೇವೆ ಎಂದು ಕುಣಿಯುತ್ತಾ ಹಾಕಿದೆ. ಚೆಂದ ನೋಡಲು ಎಂಟು ಸಲ ಎಂಟು ಒತ್ತಿದೆ.

88888088.

ಬಲದಿಂದ ಮೂರನೇ ಮನೆ. ಎಂಟರ ನಡುಗೆರೆ ಮಾಯ, ಎಂಟು ಹೋಗಿ ಸೊನ್ನೆಯಾಗಿ ಕೂತಿದೆ. ಪೂರ್ತಿ ಮೂರು ತುಂಬಿಸಿ ನೋಡಿದರೆ ಆ ಮನೆಯಲ್ಲಿ ಮಾತ್ರ ಬೆನ್ನು ಬಾಗಿದ ಕಂಸ. ಬ್ಯಾಟರಿ ತಿರುಗಿಸಿ ಹಾಕಿದೆ, ಊದಿದೆ, ಕುಟ್ಟಿದೆ, ದೇವರ ಮುಂದೆ ಹಿಡಿದೆ. ಇಲ್ಲ.

ನಾನು ಎಲೆಕ್ಟ್ರಾನಿಕ್ಸ್ ಪದವೀಧರೆ. ಮೂರು ವರ್ಷ ಐದು ಬಣ್ಣದ ಪೆನ್ನುಗಳಲ್ಲಿ ಸರ್ಕ್ಯೂಟ್ ಬರೆದು ಫಸ್ಟ್ ಕ್ಲಾಸ್ ಬಂದಿದ್ದೇನೆ. ಒಂದು ಸ್ಕ್ರೂ ಬಿಚ್ಚಿಲ್ಲ.

ಚೀಲಕ್ಕೆ ಹಾಕಿ ಅಲ್ಲೇ ಇಟ್ಟೆ. ಮಾವ ಅದನ್ನು ತೆಗೆಯುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಏನಾದರೂ ಮಾಡಬೇಕು. ಅಮ್ಮನ ಮನೆಗೆ ಇನ್ನು ಇಪ್ಪತ್ತೆರಡು ದಿನ, ಓಡಿಹೋಗಲು ಅನುಕೂಲ.

ಮಾರ್ಚ್ 9, ಭಾನುವಾರ

ರೇವಂತ್‌ಗೆ ಹೇಳಿದೆ. ದಿಂಬಿಗೆ ಮುಖ ಒತ್ತಿ ನಕ್ಕ. "ಹೊಸದು ತಂದ್ರಾಯ್ತು ಬಿಡೇ" ಅಂದ. ಹೊಸದಂತೆ! ನಾಳೆ ನನ್ನ ಸ್ಕ್ರೀನ್ ಕೆಟ್ಟರೂ ಹೊಸದು ತರುತ್ತೀಯಾ ಎಂದು ಕೇಳಿದೆ. ಯೋಚಿಸುವವನಂತೆ ಗಲ್ಲ ಕೆರೆದುಕೊಂಡ. ಹೊಡೆದೆ. ಎಷ್ಟು ಚೆಂದ ಹೊಡೆಸಿಕೊಳ್ಳುತ್ತಾನೆ!

ಇನ್ನು ಇಪ್ಪತ್ತೊಂದು ದಿನ.

ಮಾರ್ಚ್ 11, ಮಂಗಳವಾರ

ಅತ್ತೆಗೆ ಸಂಡಿಗೆ ಒಣಗಿಸಲು ಬಿಸಿಲಿಲ್ಲ. ಕಣದ ಮೇಲೆ ಹಲಸಿನ ಮರದ ಒಂದು ಕೊಂಬೆ ಅಡ್ಡ ಬಂದಿದೆ. ಇವತ್ತು ಚಾಪೆಯನ್ನು ನೆರಳಿನಿಂದ ಬಿಸಿಲಿಗೆ ಐದು ಸಲ ಎಳೆದೆವು. ಐದನೇ ಸಲ ಅತ್ತೆ ಸೊಂಟ ಹಿಡಿದುಕೊಂಡು ಗುಡ್ಡದ ಕಡೆ ನೋಡಿ, "ಏಳು ವರ್ಷದಿಂದ ಒಂದು ಕೊಂಬೆ ಕಡಿಸಕ್ಕೆ ಬುಡಲ್ಲ ಈ ಮನುಷ್ಯ" ಅಂದರು.

ಯಾಕೆ ಎಂದು ಕೇಳಿದೆ. ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಗೋಣಿಮರ ಇತ್ತಂತೆ. ತೋಟದ ಮೇಲಿನ ಬ್ಲಾಕಿಗೆ ಜೀಪು ಹೋಗಲೆಂದು 2017ರ ಕೊನೆಗೆ ಮಾವ ಅದನ್ನು ಕಡಿಸಿದರು. ಮುಂದಿನ ವರ್ಷದಿಂದಲೇ ಮಳೆ ಪಂದ್ಯದಲ್ಲಿ ಸೋಲು. ಒಂದು ವರ್ಷವಲ್ಲ, ಸಾಲಾಗಿ ಏಳು. "ಆ ಮರ ಮೋಡ ಹಿಡೀತಿತ್ತು, ಕಡಿದು ಮಳೇನ ಪ್ಯಾಟ್ರಿಕ್ ಕಡೆ ಅಟ್ಟಿಬುಟ್ಟೆ ಅಂತಾರೆ. ನಾನೇನು ಮರ ಕೇಳಿದ್ನಾ? ಕೊಂಬೆ ಕಣೇ! ಒಂದೇ ಒಂದು!"

ಸಂಜೆ ನಮ್ಮ ಕೋಣೆಯ ಕಿಟಕಿಯಿಂದ ನೋಡಿದೆ. ಮಾವ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಗುಡ್ಡ ಹತ್ತುತ್ತಿದ್ದರು. ಮೇಲೆ ನಲವತ್ತು ಗೋಣಿ ಸಸಿ ನೆಟ್ಟಿದ್ದಾರೆ, ಬೇಸಿಗೆಯಲ್ಲಿ ದಿನಾ ನೀರು. ಆಳುಗಳ ಕೈಲಿ ಹೊರಿಸುವುದಿಲ್ಲ. ಅರ್ಧ ದಾರಿಯಲ್ಲಿ ನಿಂತು ಕ್ಯಾನು ಕೆಳಗಿಟ್ಟು ಅಂಗೈ ನೋಡಿಕೊಂಡು ಮತ್ತೆ ಎತ್ತಿಕೊಂಡರು. ಆರು ಸಲ ಹತ್ತಿಳಿದರು.

ನಾನು ಎಣಿಸುತ್ತಿದ್ದೆ, ರೇವಂತ್ ಹಿಂದಿನಿಂದ ಬಂದು ಕಣ್ಣು ಮುಚ್ಚಿದ. ಲೆಕ್ಕ ತಪ್ಪಿಹೋಯಿತು, ಏಳಿರಬಹುದು.

ಇನ್ನು ಹತ್ತೊಂಬತ್ತು ದಿನ.

ಮಾರ್ಚ್ 13, ಗುರುವಾರ

ಕ್ಯಾಲ್ಕುಲೇಟರನ್ನು ವ್ಯಾನಿಟಿ ಬ್ಯಾಗಿನಲ್ಲಿ ಕದ್ದುಕೊಂಡು ಆನೇಮಹಲ್‌ಗೆ ಹೋದೆ. ರೇವಂತ್ ಪಂಪಿನ ಭಾಗ ತರಲು ಹೋದಾಗ ನಾನು ರಸ್ತೆ ಬದಿಯ ಮೊಬೈಲ್ ರಿಪೇರಿ ಅಂಗಡಿಗೆ ನುಗ್ಗಿದೆ. ಅಂಗಡಿಯ ಅಲ್ವಿನ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಮೇಡಂ, ಇದಕ್ಕೆ ರಿಪೇರಿ ಮಾಡ್ಬೇಕಾ, ಪೂಜೆ ಮಾಡ್ಬೇಕಾ?"

"ರಿಪೇರಿ."

"ಇದು ಶಾಂತಮಲ್ಲಪ್ಪನೋರ ಮಳೆ ಮೆಷಿನ್ ಅಲ್ವಾ?" ಅಂದವನೇ ಕೆಂಡ ಮುಟ್ಟಿದಂತೆ ಕೆಳಗಿಟ್ಟ. "ನಾ ಬಿಚ್ಚಲ್ಲಪ್ಪ. ಹೆಚ್ಚುಕಮ್ಮಿ ಆದ್ರೆ ವನಗೂರಿನ ಕಡೆ ನಾನು ತಲೆ ಹಾಕಂಗಿಲ್ಲ. ನೀವೇ ಬಿಚ್ಚಿ, ನಾನು ಹೇಳ್ಕೊಡ್ತೀನಿ. ಏನ್ ಓದಿದೀರ?"

"ಎಲೆಕ್ಟ್ರಾನಿಕ್ಸ್."

"ಮತ್ತೆ ಸರಿ ಹೋಯ್ತಲ್ಲ!"

"ಓದಿದೀನಿ ಅಷ್ಟೆ."

ಅಲ್ವಿನ್ ನಗಲಿಲ್ಲ, ಒಳ್ಳೆಯ ಹುಡುಗ. ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದ. ಅಂಕಿ ಕಾಣುವ ಗಾಜಿಗೂ ಕೆಳಗಿನ ಹಸಿರು ಹಲಗೆಗೂ ನಡುವೆ ವೈರ್ ಇರುವುದಿಲ್ಲ, ಒಂದು ರಬ್ಬರ್ ಪಟ್ಟಿ ಇರುತ್ತದೆ. ಕಪ್ಪು ಗೆರೆ, ಬಿಳಿ ಗೆರೆ, ಕಪ್ಪು ಗೆರೆ. ಜೀಬ್ರಾ ಅನ್ನುತ್ತಾರಂತೆ. ಕಪ್ಪು ಗೆರೆಯಲ್ಲಿ ಕರೆಂಟು ಹತ್ತಿ ಗಾಜಿಗೆ ಹೋಗುತ್ತದೆ. ಒಂದು ಕಡೆ ಕೊಳೆ ಕೂತರೆ ಒಂದು ಗೆರೆ ಸತ್ತಂತೆ. ಸ್ಪಿರಿಟ್ಟಿನಲ್ಲಿ ಒರೆಸಬೇಕು, ಗಾಜನ್ನು ಕೂದಲೆಳೆ ಆಚೀಚೆಯಾಗದಂತೆ ಕೂರಿಸಬೇಕು. ಒಂದು ಪುಟ್ಟ ಸೀಸೆ ಸ್ಪಿರಿಟ್, ಒಂದು ಸಣ್ಣ ಸ್ಕ್ರೂಡ್ರೈವರ್ ಕೊಟ್ಟ.

"ಇದು ನಿಮ್ಮಿಂದ ಹಾಳಾಗಿದ್ದಲ್ಲ ಬಿಡಿ ಮೇಡಂ. ನಮ್ಮ ಕಡೆ ತೇವಕ್ಕೆ ಬೂಷ್ಟು ಹಿಡಿದಿರ್ತದೆ, ಯಾವ ಕಾಲದ್ದೋ ಏನೋ." ಸಮಾಧಾನಕ್ಕೆ ಹೇಳಿದ, ಪಾಪ.

ಜೀಪಿನಲ್ಲಿ ಬರುವಾಗ ಬಿಲ್ಲನ್ನು ಎರಡು ಸಲ ಓದಿದೆ. ರೇವಂತ್ ಏನೋ ಹಾಡುತ್ತಿದ್ದ.

ಇನ್ನು ಹದಿನೇಳು.

ಮಾರ್ಚ್ 15, ಶನಿವಾರ

ಮಾವ ಕಾಫಿ ಸ್ಟೋರಿಗೆ, ಅತ್ತೆ ಮಠಕ್ಕೆ, ರೇವಂತ್ ತೋಟಕ್ಕೆ. ಮನೆ ನನ್ನದು! ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಆಪರೇಷನ್ ಶುರುಮಾಡಿದೆ.

ಆರು ಸ್ಕ್ರೂ. ಐದನ್ನು ಬಟ್ಟಲಿಗೆ ಹಾಕಿದೆ. ಆರನೆಯದು ಹಾರಿ ಎಲ್ಲಿಗೋ ಹೋಯಿತು. ಇಪ್ಪತ್ತು ನಿಮಿಷ ನೆಲದ ಮೇಲೆ ತೆವಳಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನನ್ನ ತಾಳಿಯ ಗುಂಡಿಗೆ ಅಂಟಿಕೊಂಡು! ಚಿನ್ನಕ್ಕೆ ಅಯಸ್ಕಾಂತದ ಗುಣವಂತೂ ಇಲ್ಲ. ಬಹುಶಃ ಬೆವರಿಗೆ ಅಂಟಿದ್ದು.

ಒಳಗೆ ಎಷ್ಟು ಚೆನ್ನಾಗಿದೆ ಗೊತ್ತಾ! ಸಣ್ಣ ಊರನ್ನು ಗುಡ್ಡದ ಮೇಲಿನಿಂದ ನೋಡಿದ ಹಾಗೆ. ರಬ್ಬರ್ ಪಟ್ಟಿ ಎತ್ತಿದರೆ ಅದರ ಕೆಳಗೆ, ಒಂದೇ ಜಾಗದಲ್ಲಿ, ಬೆಳ್ಳಗೆ ಬೂಷ್ಟು. ಉಗುರಿನ ತುದಿಯಷ್ಟೂ ಇಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಮತ್ತೆ ಒರೆಸಿದೆ. ಉಸಿರು ಬಿಗಿಹಿಡಿದು ಗಾಜು ಕೂರಿಸಿದೆ.

ಐದು ಒತ್ತಿದೆ. ಯಾವ ದೇಶದ ಲಿಪಿಯೋ ಬಂತು. ಗಾಜು ಸರಿದಿತ್ತು. ಮತ್ತೆ ಬಿಚ್ಚಿದೆ. ಎರಡನೇ ಸಲ ಏನೂ ಬರಲಿಲ್ಲ. ಆ ಕ್ಷಣ ಪಾಳ್ಯದ ಬಸ್ಸಿನ ಟೈಮಿಂಗ್ ನೆನಪಾಯಿತು. ಮೂರನೇ ಸಲ ಎರಡು ಹೆಬ್ಬೆರಳಿನಲ್ಲಿ ಸಮನಾಗಿ ಒತ್ತಿ ಹಿಡಿದು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಬಿಗಿದೆ.

88888888.

ಕಿರುಚಿದೆ. ನಾಯಿ ಓಡಿಬಂತು. ನಾಯಿಗೆ ತೋರಿಸಿದೆ.

ಮಾರ್ಚ್ 17, ಸೋಮವಾರ

ರಿಪೇರಿ ಸರಿಯಾಗಿದೆಯೋ ನೋಡಲು ದೊಡ್ಡ ಲೆಕ್ಕ ಬೇಕಿತ್ತು. ಮಾವನ 2024ರ ಮಳೆ ಪುಸ್ತಕ ತೆಗೆದೆ. ದಿನದ ಮಳೆ, ತಿಂಗಳ ಕೊನೆಗೆ ಜನವರಿಯಿಂದ ಅಲ್ಲಿಯವರೆಗಿನ ಒಟ್ಟು. ಅವರ ಅಂಕಿಗಳು ಮುತ್ತಿನಂತೆ ದುಂಡಗೆ.

ಜೂನ್‌ವರೆಗೆ ಎಲ್ಲ ತಾಳೆಯಾಯಿತು. ಜುಲೈ ಕೊನೆಗೆ ನನಗೆ ಬಂದದ್ದು 68.25. ಮಾವ ಬರೆದದ್ದು 60.25. ರಿಪೇರಿ ಕೆಟ್ಟಿತು ಎಂದುಕೊಂಡೆ. ಫೋನಿನಲ್ಲಿ ಕೂಡಿದೆ, 68.25. ಕಾಗದದ ಮೇಲೆ ಕೂಡಿದೆ, 68.25.

ಆಮೇಲೆ ಬಲದಿಂದ ಎಣಿಸಿದೆ. ಐದು, ಎರಡು, ಎಂಟು. ಮೂರನೇ ಮನೆ!

ಹಾಗಾದರೆ ನಾನು ಹಾಳುಮಾಡಿದ್ದಲ್ಲ. ಆ ಗೆರೆ ಹೋಗಿ ಎಷ್ಟೋ ಕಾಲವಾಗಿದೆ. ಬೇರೆ ಅಂಕಿಗಳು ಸೊಟ್ಟಗೆ ಕಂಡರೂ ಮಾವ ಅಂದಾಜಿನಲ್ಲಿ ಓದಿಕೊಂಡಿದ್ದಾರೆ. ಎಂಟು ಮಾತ್ರ ಸೊಟ್ಟಗೆ ಕಾಣುವುದಿಲ್ಲ, ಲಕ್ಷಣವಾದ ಸೊನ್ನೆಯಾಗಿ ಕಾಣುತ್ತದೆ. ಅದನ್ನೇ ಬರೆದು, ಮುಂದಿನ ತಿಂಗಳು ಅದಕ್ಕೇ ಕೂಡಿದ್ದಾರೆ. ಹೀಗೆ ಕಳೆದ ವರ್ಷ ಎಂಟು ಇಂಚು ಮಳೆ ಪುಸ್ತಕದಿಂದ ಆರಿಹೋಗಿದೆ. ಕೊನೆಯ ಸಾಲಿನಲ್ಲಿ ಮಾವ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ನಾವು 101.65, ಪ್ಯಾಟ್ರಿಕ್ 106.15. ನಿಜವಾಗಿ ನಾವು 109.65!

ಏಳು ವರ್ಷದ ಪುಸ್ತಕ ಇಳಿಸಿಕೊಂಡು ಇಡೀ ಮಧ್ಯಾಹ್ನ ಕೂತೆ. 2018ರಲ್ಲಿ ಶುರು. ಆ ಮನೆಯಲ್ಲಿ ಎಂಟು ಬಂದಾಗಲೆಲ್ಲ ಎಂಟು ಇಂಚು ಹೋಗಿದೆ, ಒಂದು ವರ್ಷವಂತೂ ಎರಡು ಸಲ. ಏಳರಲ್ಲಿ ಐದು ವರ್ಷ ಗೆದ್ದವರು ಮಾವ.

ಮರ ಕಡಿದ ಮೇಲೆ ಮಳೆ ಕಡಿಮೆಯಾಗಲೇ ಇಲ್ಲ. ಹೋದದ್ದು ಒಂದು ಗೆರೆ.

ಸಂಜೆ ಅವರು ಕ್ಯಾನು ಹಿಡಿದು ಹತ್ತುವುದನ್ನು ನೋಡಿದೆ. ಏಳು ಸಲವೇ. ಅವತ್ತಿನ ನನ್ನ ಅನುಮಾನವೇ ಸರಿ.

ಮಾರ್ಚ್ 18, ಮಂಗಳವಾರ

ರೇವಂತ್ ಜೊತೆ ಮಾತು ಬಿಟ್ಟಿದ್ದೇನೆ.

"ಹೇಳ್ಬೇಡ ಬಿಡು" ಅಂದ. "ಏಳು ವರ್ಷ ಎಂಟು ಯಾವ್ದು ಸೊನ್ನೆ ಯಾವ್ದು ಗೊತ್ತಾಗ್ದೆ ಕೂತಿದ್ರು ಅಂತ ಪ್ಯಾಟ್ರಿಕ್ ಅಂಕಲ್ ಸಕಲೇಶಪುರದ ತನಕ ಹೇಳ್ಕೊಂಡು ನಗ್ತಾರೆ. ಅಪ್ಪಂಗೆ ಸೋತು ಅಭ್ಯಾಸ ಆಗಿದೆ."

ಮರ್ಯಾದೆಯ ಭಯ ಸುಳ್ಳಲ್ಲ. ಅವರಿಗೆ ಹೇಳದೆ ಅವರ ವಸ್ತು ಬಿಚ್ಚಿದವಳು ನಾನು, ಅದನ್ನೂ ಒಪ್ಪಿಕೊಳ್ಳಬೇಕು. ಒಂದು ತಿಂಗಳ ಸೊಸೆ ಮಾವನ ಏಳು ವರ್ಷದ ಲೆಕ್ಕ ತಪ್ಪು ಅನ್ನುವುದು! ಆದರೆ ದಿನಾ ಸಂಜೆ ಆ ಗುಡ್ಡ ಹತ್ತುವ ಮನುಷ್ಯ ಇವನ ಕಣ್ಣಿಗೆ ಬೀಳುವುದಿಲ್ಲವೇ?

ಅವನ ಗುಳಿ ಇವತ್ತು ಸಾಮಾನ್ಯವಾಗಿತ್ತು.

ಮಾರ್ಚ್ 20, ಗುರುವಾರ

ನಿನ್ನೆ ಮಧ್ಯಾಹ್ನ ಹೂಮಳೆ ಬಂತು. ಒಂದು ಗಂಟೆ ಸುರಿಯಿತು. ಕಾಫಿ ಗಿಡಗಳಲ್ಲಿ ತಿಂಗಳಿಂದ ಕಾದು ನಿಂತ ಮೊಗ್ಗು, ಇನ್ನು ಎಂಟು ಹತ್ತು ದಿನಕ್ಕೆ ಅರಳುತ್ತವೆ.

ಬೆಳಿಗ್ಗೆ ಎಂಟಕ್ಕೆ ಮಾವ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದರು. ಎದುರಿಗೆ ಹೋಗಿ ನಿಂತೆ. ಕಂಕುಳಲ್ಲಿ ಪುಸ್ತಕಗಳು, ಕೈಯಲ್ಲಿ ಕ್ಯಾಲ್ಕುಲೇಟರ್.

"ಮಾವ" ಅಂದೆ.

ಅವರು ನನ್ನ ಹಿಂದೆ ಅತ್ತೆ ಇದ್ದಾರೋ ಎಂದು ನೋಡಿದರು. ಅತ್ತೆ ಇರಲಿಲ್ಲ.

ನಿಲ್ಲಿಸಿದರೆ ಆಗುವುದಿಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿದೆ. ಬ್ಯಾಟರಿ, ಅಲ್ವಿನ್, ಜೀಬ್ರಾ, ಬೂಷ್ಟು, ಅರ್ಧ ಇಂಗ್ಲಿಷಿನಲ್ಲಿ. ಎಂಟು ಎಂಟುಗಳನ್ನು ಒತ್ತಿ ತೋರಿಸಿದೆ. ಮೂರನೆಯದರ ನಡುಗೆರೆಯ ಮೇಲೆ ಬೆರಳಿಟ್ಟೆ. ಜುಲೈ ಪುಟ ತೆರೆದೆ.

ಮಾವ ತುಂಬ ಹೊತ್ತು ನೋಡಿದರು.

"ಅರವತ್ತಲ್ವಾ?"

"ಅರವತ್ತೆಂಟು ಮಾವ."

"ಒಂದು ಹಲ್ಲು ಬಿದ್ದೈತೆ ಅಂತ ಗೊತ್ತಿತ್ತು" ಅಂದರು, ಕ್ಯಾಲ್ಕುಲೇಟರಿಗೇ ಹೇಳುವಂತೆ. "ವಯಸ್ಸಾಯ್ತು, ಬೀಳ್ತವೆ ಅನ್ಕೊಂಡೆ. ಸುಳ್ಳು ಹೇಳ್ತೈತೆ ಅನ್ಕೊಂಡಿರ್ಲಿಲ್ಲ."

ನನಗೆ ಅಳು ಬಂದುಬಿಟ್ಟಿತು. ಯಾಕೆಂದು ಈಗಲೂ ಗೊತ್ತಿಲ್ಲ.

"ಏಳು ವರ್ಷ ಸೋತೋನು ನಾನು" ಅಂದರು ಮಾವ. "ನೀನ್ಯಾಕಮ್ಮ ಅಳ್ತೀಯ?"

ಒಳಗೆ ಫೋನು ಹೊಡೆದುಕೊಂಡಿತು. ಪ್ಯಾಟ್ರಿಕ್ ಅಂಕಲ್. ಹೂಮಳೆಯ ದಿನ, ಇಂಥ ದಿನ ಫೋನು ಎರಡನೇ ಸಲ ಹೊಡೆಯಲು ಬಿಟ್ಟವರಲ್ಲವಂತೆ. ಮಾವ ಎತ್ತಲಿಲ್ಲ. ಅಳತೆಯ ಗಾಜನ್ನು ನನ್ನ ಕೈಗೆ ಕೊಟ್ಟು ಗುಡ್ಡದ ಕಡೆ ನಡೆದರು. ಇವತ್ತು ಕ್ಯಾನು ಇರಲಿಲ್ಲ.

ಅಡುಗೆಮನೆಯ ಹಿತ್ತಿಲಿನಿಂದ ನೆತ್ತಿ ಕಾಣುತ್ತದೆ. ನಾನೂ ಅತ್ತೆಯೂ ನಿಂತು ನೋಡಿದೆವು. ಗೋಣಿಮರದ ಬೊಡ್ಡೆಯ ಮೇಲೆ ಕೂತಿದ್ದರು, ಬೆನ್ನು ನಮ್ಮ ಕಡೆ. ನಾನು ಎಲ್ಲ ಹೇಳಿದ ಮೇಲೆ ಅತ್ತೆ ನನ್ನ ಮೂಗು ತಮ್ಮ ಸೆರಗಿನಿಂದ ಒರೆಸಿದರು, ಗಟ್ಟಿಯಾಗಿ, ಪಾತ್ರೆ ತಿಕ್ಕಿದ ಹಾಗೆ.

ಹನ್ನೊಂದಕ್ಕೆ ಇಳಿದು ಬಂದರು. ಕೈಕಾಲು ತೊಳೆದರು. ತಿಂಡಿ ತಿಂದರು. "ಪಂಕಜಾ, ಅವಳನ್ನ ಕರಿ" ಅಂದವರು, ಅತ್ತೆ ಬಾಯಿ ತೆರೆಯುವಷ್ಟರಲ್ಲಿ, "ಬೇಡ, ನಾನೇ ಕರೀತೀನಿ" ಅಂದರು.

"ತನುಜಾ."

ನಾನು ಬಾಗಿಲ ಹಿಂದೆಯೇ ಇದ್ದೆ.

ಮೂರು ಗಂಟೆಯವರೆಗೆ ಕೂತೆವು. ಅವರು ಓದುವುದು, ನಾನು ಒತ್ತುವುದು. ಅವರ ಮುಂದೆ ನಾನು ಒಂದು ಸಲ ತಪ್ಪು ಒತ್ತಿದೆ. "ಕಾನ್ವೆಂಟಲ್ಲಿ ಕೂಡೋದು ಕಲಿಸಲ್ವಾ?" ಅಂದರು. ಗದರಿದ್ದಲ್ಲ, ತಮಾಷೆ! ಮಾವನಿಗೆ ತಮಾಷೆ ಬರುತ್ತದೆ!

ಲೆಕ್ಕ ಮುಗಿದ ಮೇಲೆ ಅವರೇ ಫೋನ್ ಮಾಡಿದರು. ಕೊಡೆಯ ಸುದ್ದಿ ಎತ್ತುತ್ತಾರೆ ಎಂದುಕೊಂಡೆ.

"ಪ್ಯಾಟ್ರಿಕ್, ಒಂದು ಇಂಚು ಹನ್ನೆರಡು ಸೆಂಟು ಬಂದೈತೆ" ಅಂದರು. ಆಮೇಲೆ ಕಿಟಕಿಯಾಚೆ ಗುಡ್ಡದ ಕಡೆ ತಿರುಗಿದರು. "ಆ ಗೋಣಿಮರದಿಂದ ಏನೂ ಆಗಿಲ್ಲ ಕಣೋ. ಮಳೆ ಹೋಗಿರ್ಲಿಲ್ಲ. ಇಲ್ಲೇ ಬಿದ್ದೈತೆ."

ಮಾರ್ಚ್ 22, ಶನಿವಾರ

ಪ್ಯಾಟ್ರಿಕ್ ಅಂಕಲ್ ಬಂದರು. ಜೀಪಿನಲ್ಲಿ ಕೊಡೆ ಇತ್ತು, ಆದರೆ ಇಳಿಸಲಿಲ್ಲ. ಮೊದಲು ತನಿಖೆ. ತಮ್ಮ ಪುಸ್ತಕ, ತಮ್ಮ ಕನ್ನಡಕ, ತಮ್ಮ ಪೆನ್ಸಿಲ್ ತಂದಿದ್ದರು.

"ಸೋತೋರು ಪ್ರಾಕ್ಟೀಸ್ ಮಾಡೋದು ನೋಡಿದೀನಿ. ಮೆಷಿನ್ ರಿಪೇರಿ ಮಾಡಿ ಗೆಲ್ಲೋದು ಇವತ್ತೇ ನೋಡಿದ್ದು ಮಾರಾಯ."

"ಕೂಡಿ ನೋಡೋ, ಬಾಯಿ ಯಾಕೆ?" ಅಂದರು ಮಾವ.

ಪ್ಯಾಟ್ರಿಕ್ ಅಂಕಲ್ ಎರಡು ವರ್ಷದ ಮಳೆಯನ್ನು ಪೆನ್ಸಿಲಿನಲ್ಲಿ ಕೂಡಿದರು. ಎರಡು ಲೋಟ ಕಾಫಿ ಕುಡಿದರು. ಮೂರನೇ ವರ್ಷಕ್ಕೆ ಪೆನ್ಸಿಲ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಮದ್ವೇಲಿ ನಿನ್ನ ನೋಡಿ ಸಾಧು ಹುಡುಗಿ ಅನ್ಕೊಂಡಿದ್ದೆ. ಇವನು ಕೊಡೆ ತರಕ್ಕೇ ಸೊಸೆ ತಂದವ್ನೆ." ಹೊರಗೆ ಹೋಗಿ ಕೊಡೆ ತಂದು ಮಾವನ ಕೈಗೆ ಕೊಟ್ಟರು. "ಎರಡು ಕಡ್ಡಿ ನಾನು ಹಾಕ್ಸಿದ್ದು. ಅವೆರಡು ಬಿಟ್ಟು ಉಳಿದಿದ್ದು ನಿಂದು."

ಅತ್ತೆ ಇದಕ್ಕೇ ಕಾಯುತ್ತಿದ್ದವರಂತೆ ಸೌಟು ಹಿಡಿದೇ ಬಂದರು. "ಸರಿ, ಮರ ಕಡಿದಿದ್ದಕ್ಕೆ ಮಳೆ ಹೋಗಿಲ್ಲ ಅಂತಾಯ್ತಲ್ಲ. ನಾಳೆ ಕರಿಯಪ್ಪನ್ನ ಕರೆಸಿ ಆ ಕೊಂಬೆ ತೆಗೆಸಿ."

ಮಾವ ಕೊಡೆ ಬಿಚ್ಚಿ ಮುಚ್ಚಿದರು. "ಅದು ಹೆಂಗಾಯ್ತದೆ? ಮಳೆ ಕಮ್ಮಿ ಆಗಿಲ್ಲ ಅಂದ್ರೆ ಏನರ್ಥ? ನಾನು ನೆಟ್ಟ ಸಸಿ ಕೆಲಸ ಮಾಡ್ಯವೆ ಅಂತ. ಈಗಂತೂ ಒಂದು ಎಲೆ ಮುಟ್ಟಂಗಿಲ್ಲ."

ಪ್ಯಾಟ್ರಿಕ್ ಅಂಕಲ್ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಅತ್ತೆ ನನ್ನನ್ನು ನೋಡಿದ ನೋಟ! ಆ ಬೂಷ್ಟನ್ನು ವಾಪಸ್ ಹಚ್ಚು ಅನ್ನುವಂತಿತ್ತು.

ಅಂಕಲ್ ಹೋದ ಮೇಲೆ ಮಾವ, "ತನುಜಾ, ನಾಳೆಯಿಂದ ಡಬ್ಬಿ ನೀನು ಓದು. ನನ್ನ ಕಣ್ಣಲ್ಲೂ ಒಂದೆರಡು ಗೆರೆ ಬಿದ್ದೋಗ್ಯವೆ" ಅಂದರು.

ರೇವಂತ್ ಸಂಜೆ ಎರಡು ಕ್ಯಾನು ಹಿಡಿದು ಅಪ್ಪನ ಹಿಂದೆ ಗುಡ್ಡ ಹತ್ತಿದ. ಮಾತು ಶುರುಮಾಡಿದ್ದೇನೆ.

ಮಾರ್ಚ್ 30, ಭಾನುವಾರ, ಪಾಳ್ಯ

ಯುಗಾದಿ. ಅಮ್ಮನ ಒಬ್ಬಟ್ಟು, ಅಪ್ಪನ ಹೊಸ ಅಂಗಿ, ಚಿಕ್ಕಮ್ಮನ ಪ್ರಶ್ನೆಗಳು. ಎಲ್ಲ ಚೆನ್ನಾಗಿದೆ. ನಿನ್ನೆ ನಾವು ಹೊರಡುವಾಗ ತೋಟವೆಲ್ಲ ಅರಳಿ ಗುಡ್ಡ ಬೆಳ್ಳಗಿತ್ತು. ಜೇನ್ನೊಣದ ಸದ್ದಿನಲ್ಲಿ ಜೀಪಿನ ಸದ್ದು ಕೇಳುತ್ತಿರಲಿಲ್ಲ. ಅದನ್ನು ಬಿಟ್ಟು ಬರಬೇಕಾಯಿತಲ್ಲ.

ಬೆಳಿಗ್ಗೆ ಎಂಟಕ್ಕೆ ಎದ್ದು ಅಂಗಳಕ್ಕೆ ಹೋಗಿ ನಿಂತೆ. ಇಲ್ಲಿ ಮಳೆ ಅಳೆಯುವ ಡಬ್ಬಿಯೇ ಇಲ್ಲ. ಇಷ್ಟು ಗದ್ದೆ, ಇಷ್ಟು ರಾಗಿ ಹೊಲ ಇಟ್ಟುಕೊಂಡು! "ಹೋದ ವಾರ ಎಷ್ಟು ಬಿತ್ತು?" ಎಂದು ಅಪ್ಪನನ್ನು ಕೇಳಿದರೆ, "ಚೆನ್ನಾಗ್ ಬಿತ್ತು" ಅನ್ನುತ್ತಾರೆ. ಚೆನ್ನಾಗಿ ಎಂದರೆ ಎಷ್ಟು ಸೆಂಟು? ಹೇಗೆ ಬದುಕುತ್ತಾರೋ.

ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುತ್ತೇವೆ ಎಂದಾಗ ಅಮ್ಮ ಮುಖ ಸಣ್ಣ ಮಾಡಿದಳು. "ಎಂಟು ದಿನ ಅಂದಿದ್ದೆ."

"ನಾಳೆ ಮೂವತ್ತೊಂದು ಅಮ್ಮ. ತಿಂಗಳ ಮಳೆ ಕೂಡಬೇಕು."

"ಕೂಡಕ್ಕೆ ನಿಮ್ಮತ್ತೆ ಮನೇಲಿ ಬೇರೆ ಯಾರೂ ಇಲ್ವಾ?"

ರೇವಂತ್ ಒಬ್ಬಟ್ಟಿನ ತಟ್ಟೆಯ ಮೇಲಿಂದ ನನ್ನನ್ನೇ ನೋಡಿ ನಗುತ್ತಿದ್ದ. ಏನು ಅಂತ ಕೇಳಿದೆ. ಏನಿಲ್ಲ ಅಂದ.

ಮಾರ್ಚ್ 31, ಸೋಮವಾರ

ಏಳು ಐವತ್ತಕ್ಕೆ ಮನೆ ತಲುಪಿದೆವು. ಸೀದಾ ಅಂಗಳಕ್ಕೆ ಓಡಿದೆ. ಜಗುಲಿಯಲ್ಲಿ ಮಾವ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡಿಯಾರ ನೋಡಿದರು. ಕಣದಲ್ಲಿ ಒಂದು ಚಾಪೆಯಷ್ಟು ಅಗಲ ಬಿಸಿಲು ಬಿದ್ದಿತ್ತು, ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಅತ್ತ ಎಳೆದು ಕಟ್ಟಿದ್ದಾರೆ. ಕಡಿದಿಲ್ಲ. ಅತ್ತೆ ಆ ಒಂದು ಚಾಪೆಯ ಮುಂದೆ ರಾಣಿಯಂತೆ ನಿಂತಿದ್ದರು.

ಡಬ್ಬಿ ಒಣಗಿತ್ತು. ಗಾಜು ಎತ್ತಿ ಎರಡು ಸಲ ನೋಡಿದೆ.

ಫೋನು ಬಂತು. ಮಾವ ಎತ್ತಿ ನನ್ನ ಕೈಗೆ ಕೊಟ್ಟರು.

"ನಿಮ್ಗೆಷ್ಟು?" ಅಂದರು ಪ್ಯಾಟ್ರಿಕ್ ಅಂಕಲ್.

"ಸೊನ್ನೆ ಅಂಕಲ್."

"ಖಾತ್ರೀನಾ? ನಿಮ್ಮನೆ ಸೊನ್ನೇನ ನಂಬಕ್ಕಾಗಲ್ಲ ಮಾರಾಯ್ತಿ."